ಡಬ್ಬಿ ಮ್ಯಾಲ "ನ್ಯಾಚುರಲ್" ಅಂತ ಬರದಿದ್ರ ನಂಬಬಹುದೇನು? ಸನ್‌ಸ್ಕ್ರೀನ್ ಆರಿಸೂದು ಹ್ಯಾಂಗ?

ಬಿಳಿಜೋಳ, ವಿಜಯಪುರ

ಮನಿಗೆ ಸನ್‌ಸ್ಕ್ರೀನ್ ತರೂದದ. ಹಚ್ಚಿಕೊಳ್ಳೋರು ಮೂರು ಮಂದಿ: ದ್ರಾಕ್ಷಿ ತ್ವಾಟದಾಗ ದಿನಾ ಐದಾರು ತಾಸು ನಿಲ್ಲೋ ಗಂಡಸು, ಎರಡೂ ಗಲ್ಲಕ್ಕ ಬಂಗು ಇರೋ ನಲವತ್ತರ ಹೆಣಮಗಳು, ನಾಕು ವರ್ಷದ ಹುಡುಗಿ. ಅಂಗಡ್ಯಾಗ ಕೇಳಿದ್ರ "ಹರ್ಬಲ್ ಅದ ರೀ, ಕೆಮಿಕಲ್ ಇಲ್ಲ ರೀ" ಅಂತ ನಾಕು ನಮೂನಿ ಡಬ್ಬಿ ಮುಂದ ಇಡ್ತಾರ. ಮುಂದಿನ ಚಿತ್ರದಾಗ ಲೋಳಸರ, ಸೌತಿಕಾಯಿ. ಹಿಂದ ತಿರುವಿದ್ರ ಇರಿವಿ ಸಾಲಿನ್ಹಂಗ ಓದಾಕ ಬರಲಾರದ ಹೆಸರು.

ಆ ಸಾಲಿನ್ಯಾಗ ಏನಿದ್ರ ತರಬೇಕು, ಏನಿದ್ರ ಬಿಡಬೇಕು? ಕೊಬ್ಬರಿ ಎಣ್ಣ್ಯಾಗ ಝಿಂಕ್ ಪುಡಿ ಕಲಸಿ ಮನ್ಯಾಗ ಮಾಡೂ ವಿಡಿಯೋ ಭಾಳ ಓಡ್ಯಾಡಾಕತ್ತಾವ, ಅದು ನಡೀತದೇನು? ಝಿಂಕ್ ಹಚ್ಚಿದ್ರ ನಮ್ಮ ಬಣ್ಣದ ಮಾರಿಗೆ ಸುಣ್ಣ ಬಳದಂಗ ಕಾಣತದ, ಅದಕ್ಕೇನು ಉಪಾಯ? ಮತ್ತ ಒಂದು ಟ್ಯೂಬು ಎಷ್ಟು ದಿನ ಬರಬೇಕು?

ಮಾತ್ರೆಚೀಟಿ, ಬಾಗಲಕೋಟೆ

ಡಬ್ಬಿಯ ಮುಂದಿನ ಭಾಗ ಜಾಹೀರಾತು, ಹಿಂದಿನ ಭಾಗ ಲೆಕ್ಕ. ಲೆಕ್ಕಾನ ಓದ್ರಿ.

ಬಿಸಿಲು ತಡೆಯೋದು ಫಿಲ್ಟರ್, ಲೋಳಸರ ಅಲ್ಲ. ಖನಿಜದ ಫಿಲ್ಟರ್ ಅಂತ ಇರೋವು ಎರಡ: ಝಿಂಕ್ ಆಕ್ಸೈಡ್, ಟೈಟೇನಿಯಂ ಡೈಆಕ್ಸೈಡ್. ಇವೂ ಕಾರ್ಖಾನ್ಯಾಗ ತಯಾರಾಗೋವು, ಹಿತ್ತಲದ ಗಿಡದಿಂದ ಇಳಿಸಿದ್ದಲ್ಲ. ಆದ್ರ ಸುರಕ್ಷತೆ ವಿಷಯದಾಗ ಇವಕ್ಕ ಗಟ್ಟಿ ಆಧಾರ ಅದ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2019ರ ಕರಡು ನಿಯಮದಾಗ 16 ಫಿಲ್ಟರ್ ಪೈಕಿ ಸುರಕ್ಷಿತ ಅಂತ ಒಪ್ಪಿದ್ದು ಇವೆರಡನ್ನ, ಅದೂ ಶೇ 25ರ ತನಕ. ಎರಡನ್ನ ಹೊರಗಿಟ್ಟಿತು, ಉಳಿದ 12ಕ್ಕ ಇನ್ನಷ್ಟು ಮಾಹಿತಿ ಕೊಡ್ರಿ ಅಂತು.

ಸಾಲು ಓದೋದು ಹ್ಯಾಂಗ ಅಂದ್ರ, ಹೆಚ್ಚು ಪ್ರಮಾಣದ್ದು ಮೊದಲು, ಕಡಿಮೆ ಪ್ರಮಾಣದ್ದು ಆಮ್ಯಾಲ. ನಮ್ಮಲ್ಲಿ ಝಿಂಕ್ ಎಷ್ಟು ಪರ್ಸೆಂಟ್ ಅಂತ ಎಲ್ಲಾರೂ ಬರಿಯೂದಿಲ್ಲ, ಅದಕ್ಕೊಂದು ಯುಕ್ತಿ: ಅದೇ ಸಾಲಿನ್ಯಾಗ "ಫಿನಾಕ್ಸಿಎಥನಾಲ್" ಹುಡುಕ್ರಿ. ಇದು ಕೆಡಲಾರದಂಗ ಕಾಯೋ ಪದಾರ್ಥ, ಇದರ ಮಿತಿ ಶೇ 1. ಝಿಂಕ್ ಆಕ್ಸೈಡ್ ಅದರ ಹಿಂದ ಬಂದಿದ್ರ ಹೆಚ್ಚುಕಡಿಮಿ ಒಂದು ಪರ್ಸೆಂಟಿಗಿಂತ ಒಳಗ, ಹೆಸರಿಗಷ್ಟ ಹಾಕ್ಯಾರ ಅಂತ ತಿಳಕೋರಿ. ಬರೇ ಝಿಂಕಿನ ಮ್ಯಾಲ ಎಸ್‌ಪಿಎಫ್ (ಬಿಸಿಲು ಎಷ್ಟು ತಡೀತದ ಅನ್ನೋ ಅಳತಿ) 30 ನಿಲ್ಲಬೇಕಂದ್ರ ಸಾಮಾನ್ಯವಾಗಿ ಶೇ 20ರ ಆಸುಪಾಸು ಬೇಕಾಗತದ. ಅಂಥ ಕ್ರೀಮಿನ್ಯಾಗ ಅದು ಮೊದಲ ಎರಡು ಮೂರು ಹೆಸರಿನ್ಯಾಗ ಇರಾಕ ಬೇಕು. ಪರ್ಸೆಂಟ್ ಬರದು ಕೊಟ್ಟಿದ್ರ ಇನ್ನೂ ಚಲೋ.

ಇನ್ನೊಂದು ಕಳ್ಳದಾರಿ ಅದ. "ನೂರಕ್ಕ ನೂರು ಮಿನರಲ್" ಅಂತ ಬರದ ಡಬ್ಬಿಯೊಳಗ "ಬ್ಯುಟೈಲ್‌ಆಕ್ಟೈಲ್ ಸ್ಯಾಲಿಸಿಲೇಟ್" ಇರತದ. ಕಾಯ್ದೆ ಪ್ರಕಾರ ಅದು ಫಿಲ್ಟರ್ ಅಲ್ಲ, ಆದ್ರ ರಚನೆ ಆಕ್ಟಿಸಲೇಟ್ ಅನ್ನೋ ಕೆಮಿಕಲ್ (ಅಂದ್ರ ಖನಿಜ ಅಲ್ಲದ) ಫಿಲ್ಟರಿನ ದಾಯಾದಿ, ಎಸ್‌ಪಿಎಫ್ ಸಂಖ್ಯೆ ಮ್ಯಾಲ ಎತ್ತೂದೂ ಖರೆ. ವಿಷ ಅಂತ ಹೇಳಾಕತ್ತಿಲ್ಲ. ಖನಿಜ ಮಾತ್ರ ಬೇಕು ಅಂತ ರೊಕ್ಕ ಕೊಡೋರಿಗೆ ಗೊತ್ತಿರಲಿ.

ಹುಡುಗಿಗೆ, ಬಸುರಿಯರಿಗೆ ಬಿಡಬೇಕಾದ್ದು ಆಕ್ಸಿಬೆನ್ಝೋನ್. ಲೇಬಲ್ಲಿನ್ಯಾಗ "ಬೆನ್ಝೋಫಿನೋನ್-3" ಅಂತ ಇರತದ. ಇದಕ್ಕ ಅಲರ್ಜಿ ಆಗೋರು ಹೆಚ್ಚು. ಇದನ್ನ ಮತ್ತ ಆಕ್ಟಿನಾಕ್ಸೇಟನ್ನ ಹವಾಯಿ ರಾಜ್ಯ ಹವಳದ ದಂಡೆ ಉಳಿಸೋ ಸಲುವಾಗಿ 2021ರ ಜನವರಿಯಿಂದ ಮಾರಾಟಕ್ಕ ಬಂದ್ ಮಾಡೇದ. ಆಕ್ಟಿನಾಕ್ಸೇಟ್ ಲೇಬಲ್ಲಿನ್ಯಾಗ "ಎಥೈಲ್‌ಹೆಕ್ಸೈಲ್ ಮೆಥಾಕ್ಸಿಸಿನಮೇಟ್". ಸುವಾಸನೆಗೆ "ಫ್ರಾಗ್ರನ್ಸ್" ಅಥವಾ "ಪರ್ಫ್ಯೂಮ್" ಇದ್ರೂ ಹುಡುಗಿಗೆ ಬ್ಯಾಡ. ಲ್ಯಾವೆಂಡರ್, ಲಿಂಬಿ ಎಣ್ಣಿ ಹಾಕಿದ "ನ್ಯಾಚುರಲ್" ಕ್ರೀಮು ಅದಕ್ಕಿಂತ ಸುರಕ್ಷಿತ ಅಂತ ಏನೂ ಇಲ್ಲ, ತುರಿಕಿ ಅವುಗಳಿಂದಲೂ ಬರತದ.

ಸಂಖ್ಯೆ ವಿಷಯ. ಎಸ್‌ಪಿಎಫ್ ಹೇಳೂದು ಮುಖ್ಯವಾಗಿ ಯುವಿಬಿ ಲೆಕ್ಕ, ಅಂದ್ರ ಚರ್ಮ ಕೆಂಪಗ ಸುಡೋ ಕಿರಣದ್ದು. ಎಸ್‌ಪಿಎಫ್ 15 ಇದ್ರ ಶೇ 93ರಷ್ಟು ತಡೀತದ, 30 ಇದ್ರ ಶೇ 97, 50 ಇದ್ರ ಶೇ 98. 30ರಿಂದ 50ಕ್ಕ ಹೋದ್ರ ಸಿಗೋದು ಅಷ್ಟ. ಬಣ್ಣ ಕಪ್ಪಾಗಿಸೋ, ಸುಕ್ಕು ತರೋ, ಕಿಟಕಿ ಗಾಜು ದಾಟಿ ಬರೋ ಯುವಿಎಗೆ ಪಿಎ ಗುರುತು ನೋಡ್ರಿ. ಪಿಎ+++ ಕ್ಕಿಂತ ಕೆಳಗಿಂದು ನಮ್ಮ ಊರಾಗ ಬ್ಯಾಡ. "ಐಎಸ್ಒ 24444" ಅಂತ ಬರದಿದ್ರ ಎಸ್‌ಪಿಎಫ್ ಮನುಷ್ಯರ ಚರ್ಮದ ಮ್ಯಾಲ ಅಳದದ್ದು ಅಂತ ಅರ್ಥ. ಬ್ಯಾಚ್ ನಂಬರು, ತಯಾರಿಕೆ ಲೈಸೆನ್ಸ್ ನಂಬರು, ಮುಗಿಯೋ ತಾರೀಕು ಇಲ್ಲದ ಡಬ್ಬಿ ಎಷ್ಟ ಸಸ್ತಾ ಇದ್ರೂ ಅಲ್ಲೇ ಇಡ್ರಿ. ಮುಚ್ಚಳ ತೆರೆದ ಚಿತ್ರದೊಳಗ "12ಎಂ" ಅಂತಿದ್ರ ಒಡದ ಮ್ಯಾಲ ಹನ್ನೆರಡು ತಿಂಗಳು.

ಕಡೆಗೋಲು, ಬೆಳಗಾವಿ

ಮನೆಯಲ್ಲಿ ಕಲಸುವ ವಿಚಾರಕ್ಕೆ ಬರುತ್ತೇನೆ. ಬೇಡ. ಕಾರಣ ಕಣ್ಣಿಗೇ ಕಾಣುತ್ತದೆ: ಝಿಂಕ್ ಪುಡಿಯನ್ನು ಕೊಬ್ಬರಿ ಎಣ್ಣೆಯಲ್ಲಿ ಚಮಚದಿಂದ ತಿರುವಿ, ಒಂದು ಗಾಜಿನ ತುಂಡಿನ ಮೇಲೆ ತೆಳ್ಳಗೆ ಸವರಿ, ದೀಪಕ್ಕೆ ಹಿಡಿಯಿರಿ. ಬಿಳಿ ಚುಕ್ಕೆಗಳು, ನಡುನಡುವೆ ಏನೂ ಇಲ್ಲದ ಗೆರೆಗಳು. ಆ ಖಾಲಿ ಗೆರೆಯಷ್ಟು ಅಗಲಕ್ಕೆ ಚರ್ಮ ಬಯಲಿಗೆ ಬಿದ್ದಂತೆಯೇ. ಪುಡಿಯ ಕಣಗಳು ಒಂದಕ್ಕೊಂದು ಅಂಟಿ ಉಂಡೆಯಾಗುತ್ತವೆ. ಬಿಡಿಸಲು ಕಾರ್ಖಾನೆಯಲ್ಲಿ ಲೇಪನ ಕೊಟ್ಟ ಪುಡಿ, ಅದಕ್ಕೆ ಹೊಂದುವ ಚದುರಿಸುವ ಪದಾರ್ಥ, ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುವ ಹೋಮೊಜಿನೈಸರ್ ಬೇಕು. ಮಿಕ್ಸರ್ ಜಾರು ಅದರ ಕೆಲಸ ಮಾಡುವುದಿಲ್ಲ.

ಅದೂ ಹೋಗಲಿ, ಸಾಂದ್ರತೆ ನೋಡಿ. ಝಿಂಕ್ ಆಕ್ಸೈಡ್ ನೀರಿಗಿಂತ ಐದೂವರೆ ಪಟ್ಟು ಭಾರ, ಎಣ್ಣೆ ನೀರಿಗಿಂತ ಹಗುರ. ಕೊಬ್ಬರಿ ಎಣ್ಣೆ 25 ಡಿಗ್ರಿ ಸುಮಾರಿಗೇ ಕರಗುತ್ತದೆ. ವಿಜಯಪುರದ ಏಪ್ರಿಲ್‌ನಲ್ಲಿ ಬಾಟಲಿ ಒಂದು ದಿನ ಇಟ್ಟರೆ ಮೇಲೆ ತಿಳಿ ಎಣ್ಣೆ, ತಳದಲ್ಲಿ ಹೆಪ್ಪು. ಮೊದಲ ವಾರ ಹಚ್ಚಿದ್ದು ಬರೀ ಎಣ್ಣೆ. ಒಣ ಪುಡಿ ಕಲಸುವಾಗ ಹಾರುವ ದೂಳು ಎಳೆದುಕೊಳ್ಳುವುದು ಬೇರೆ ಅಪಾಯ. ಝಿಂಕ್, ಟೈಟೇನಿಯಂ ಕ್ರೀಮಿನೊಳಗಿದ್ದರೆ ಚರ್ಮದ ಸತ್ತ ಪದರದಲ್ಲೇ ನಿಲ್ಲುತ್ತವೆ. ಶ್ವಾಸಕೋಶದಲ್ಲಿ ಮಾತ್ರ ಅವಕ್ಕೆ ಜಾಗವಿಲ್ಲ. ಪೌಡರ್, ಸ್ಪ್ರೇ ರೂಪದ ಸನ್‌ಸ್ಕ್ರೀನನ್ನು ಮಗುವಿಗೆ ಕೊಳ್ಳಬೇಡಿ ಎನ್ನುವುದೂ ಇದೇ ಕಾರಣಕ್ಕೆ.

ಕೊಬ್ಬರಿ ಎಣ್ಣೆಗೆ ಎಸ್‌ಪಿಎಫ್ 7 ಇದೆ ಎಂಬ ಮಾತು ಓಡಾಡುತ್ತದಲ್ಲ, ಅದು ಎಣ್ಣೆಯನ್ನು ಆಲ್ಕೊಹಾಲಿನಲ್ಲಿ ಕರಗಿಸಿ ಯಂತ್ರದಲ್ಲಿ ಅಳೆದ ಸಂಖ್ಯೆ. ಚರ್ಮದ ಮೇಲಿನದ್ದಲ್ಲ. ಕ್ಯಾರೆಟ್ ಬೀಜದ ಎಣ್ಣೆಗೆ 40 ಎನ್ನುವುದನ್ನಂತೂ ಕಿವಿಗೇ ಹಾಕಿಕೊಳ್ಳಬೇಡಿ. ಅರಿಷಿಣ ಬೆಳಕಿಗೆ ತಾನೇ ಬಣ್ಣ ಕಳೆದುಕೊಳ್ಳುತ್ತದೆ, ನಮ್ಮನ್ನೇನು ಕಾಯುತ್ತದೆ? ಕ್ಯಾಲಮೈನ್ ಲೋಷನ್‌ನಲ್ಲಿ ಝಿಂಕ್ ಇರುವುದು ನಿಜ, ಆದರೆ ಅದು ತುರಿಕೆ ಶಮನಕ್ಕೆ ಮಾಡಿದ್ದು. ಒಣಗಿ ಬಿರುಕುಬಿಟ್ಟು ಉದುರುತ್ತದೆ, ಯುವಿ ಅಳತೆಗೆ ನಿಲ್ಲುವಂಥ ಪೊರೆ ಅದರದಲ್ಲ.

ಒಂದು ಸಂಗತಿಯನ್ನು ಒತ್ತಿ ಹೇಳಬೇಕು, ನಿಮ್ಮ ಜಿಲ್ಲೆಯೇ ಲಿಂಬೆಯ ಜಿಲ್ಲೆ. ಲಿಂಬೆ ರಸ ಅಥವಾ ಸಿಪ್ಪೆಯ ಎಣ್ಣೆ ಚರ್ಮದ ಮೇಲಿದ್ದಾಗ ಬಿಸಿಲು ಬಿದ್ದರೆ ಅದರೊಳಗಿನ ಸೋರಲೆನ್ ಜಾತಿಯ ಪದಾರ್ಥಗಳು ಯುವಿಎ ಹೀರಿ ಚರ್ಮವನ್ನು ಸುಡುತ್ತವೆ. ಒಂದೆರಡು ದಿನಕ್ಕೆ ಗುಳ್ಳೆ, ಆಮೇಲೆ ತಿಂಗಳುಗಟ್ಟಲೆ ಉಳಿಯುವ ಕಂದು ಪಟ್ಟೆ. ರಸ ಹರಿದ ದಾರಿಯೇ ಅಚ್ಚೊತ್ತಿದಂತೆ. ಇಂಡಿ ಕಡೆ ಕಾಯಿ ಹರಿಯುವವರು ಬಿಸಿಲಿಗೆ ನಿಲ್ಲುವ ಮೊದಲು ಕೈಯನ್ನು ಸಾಬೂನಿನಿಂದ ತೊಳೆಯಬೇಕು. ಬಾವಂಚಿ ಬೀಜದ ಎಣ್ಣೆಯೂ ಇದೇ ಗುಂಪಿನದು. ತೊನ್ನಿಗೆ ಬಿಸಿಲಿನ ಜತೆ ಬಳಸುವ ಮದ್ದು ಅದು, ಬಿಸಿಲು ತಡೆಯಲು ಅಲ್ಲ.

ಎರಡು ಬೇರೆ ಸನ್‌ಸ್ಕ್ರೀನ್ ಬೆರೆಸಿ ಹಚ್ಚುವುದನ್ನೂ ಬಿಡಿ. ಅವೊಬೆನ್ಝೋನ್ ಎಂಬ, ಯುವಿಎ ತಡೆಯುವ ಕೆಮಿಕಲ್ ಫಿಲ್ಟರ್ ಇರುವ ಕ್ರೀಮಿನ ಮೇಲೆ ಲೇಪನವಿಲ್ಲದ ಝಿಂಕ್ ಬಂದರೆ ಅವೊಬೆನ್ಝೋನ್ ಬೇಗ ಒಡೆಯುತ್ತದೆ, ಯುವಿಎ ರಕ್ಷಣೆ ಕುಸಿಯುತ್ತದೆ. ಮಾಯಿಶ್ಚರೈಸರ್ ಕಲಸಿ ತೆಳು ಮಾಡಿದರೂ ಅದೇ ನಷ್ಟ: ಪೊರೆ ಹರಿಯುತ್ತದೆ. ಮಾಯಿಶ್ಚರೈಸರ್ ಮೊದಲು, ಐದು ನಿಮಿಷ ಬಿಟ್ಟು ಸನ್‌ಸ್ಕ್ರೀನ್.

ಕೃಷ್ಣೆದಂಡೆ, ಜಮಖಂಡಿ

ಕೆಮಿಕಲ್ ಫಿಲ್ಟರ್ ರಕ್ತಕ್ಕ ಇಳೀತಾವ ಅಂತ ಸಾಬೀತ ಆಗೇತಿ. ಖನಿಜ ಮಾತ್ರ ಕನ್ನಡಿ ಇದ್ದಂಗ, ಕಿರಣಾನ ಹೊಡದು ಹಿಂದಕ್ಕ ಕಳಸ್ತೈತಿ. ಆದ್ರೂ ಮ್ಯಾಲಿನವರು "ವಿಷ ಅಂತ ಹೇಳಾಕತ್ತಿಲ್ಲ" ಅಂತ ಯಾಕ ಮೆತ್ತಗ ಹೇಳ್ತಾರೋ.

ಮಾತ್ರೆಚೀಟಿ, ಬಾಗಲಕೋಟೆ

ಅರ್ಧ ಖರೆ ಅದಕ್ಕ ಮೆತ್ತಗ. ಎಫ್‌ಡಿಎ ಪರೀಕ್ಷೆಗಳು 2019 ಮತ್ತ 2020ರಾಗ ಪ್ರಕಟ ಆದವು. ಮೈತುಂಬ ಗರಿಷ್ಠ ಪ್ರಮಾಣದಾಗ ಹಚ್ಚಿದಾಗ ಹಲವು ಕೆಮಿಕಲ್ ಫಿಲ್ಟರ್ ರಕ್ತದಾಗ ಒಂದು ಮಿಲಿಲೀಟರಿಗೆ 0.5 ನ್ಯಾನೋಗ್ರಾಂ ದಾಟಿದ್ವು. ಆ ಗೆರೆ ದಾಟಿದ್ರ "ಇನ್ನಷ್ಟು ಸುರಕ್ಷತಾ ಪರೀಕ್ಷೆ ಮಾಡ್ರಿ" ಅಂತ ಅರ್ಥ, "ಹಾನಿ ಆತು" ಅಂತ ಅಲ್ಲ. ಅನುಮಾನ ಇದ್ದೋರು ಝಿಂಕ್ ತಗೋಳ್ರಿ, ಸರಳ. ಆದ್ರ ಝಿಂಕ್ ಸಿಗಲಿಲ್ಲ ಅಂತ ಬರೇ ಮಾರಿಲೇ ಬಿಸಿಲಿಗೆ ಹೋಗೂದಕ್ಕಿಂತ ಕೆಮಿಕಲ್ ಫಿಲ್ಟರ್ ಮೇಲು. ಕನ್ನಡಿ ಮಾತು ತಪ್ಪು. ಝಿಂಕ್, ಟೈಟೇನಿಯಂ ಸಹಿತ ಯುವಿಯ ಹೆಚ್ಚಿನ ಪಾಲನ್ನ ಹೀರೇ ತಡಿಯೋದು, ಹಿಂದಕ್ಕ ಕಳಸೋದು ಸ್ವಲ್ಪ. ಬಿಳಿ ಕಾಣೋದು ಕಣ್ಣಿಗೆ ಕಾಣೋ ಬೆಳಕನ್ನ ಚದುರಿಸೋದಕ್ಕ.

ಬಳ್ಳಿಕಟ್ಟೋರು, ತಿಕೋಟಾ

ತ್ವಾಟದಾಗಿನ ಮಂದಿಗೆ ಕ್ರೀಮು ಎರಡನೇದು. ಮೊದಲು ಅರಬಿ.

ಏಪ್ರಿಲ್ ಚಾಟ್ನಿ (ಬಳ್ಳಿ ಕತ್ತರಿಸೂದು) ಆದ ಮ್ಯಾಲ ಬಳ್ಳಿ ಬರೇ ಕಡ್ಡಿ, ಚಪ್ಪರದ ಕೆಳಗ ನೆರಳ ಅನ್ನೂದ ಇರೂದಿಲ್ಲ. ಆಗ ಕೈ ಮ್ಯಾಲೆತ್ತಿ ಕೆಲಸ ಮಾಡ್ತಾರ, ಮಾರಿ ಮ್ಯಾಲಕ್ಕ ಇರತೈತಿ. ಗಾಂಧಿ ಟೊಪಗಿಗೆ ಅಂಚಿಲ್ಲ, ಕಿವಿ, ಮೂಗು, ಕುತಿಗಿ ಮೂರೂ ಬಯಲು. ಸುತ್ತ ಮೂರು ಇಂಚು ಅಂಚಿರೋ ಟೊಪಗಿ ಬೇಕು, ಅದರ ಕೆಳಗ ಟಾವೆಲ್ ಇಳಿಬಿಡ್ರಿ. ಅರಬಿ ಆರಿಸೂದು ಹಿಂಗ: ಬಿಸಿಲಿಗೆ ಹಿಡದು ನೋಡ್ರಿ, ಸಣ್ಣ ತೂತಿನ್ಯಾಗ ಬೆಳಕು ಚುಚ್ಚಿದ್ರ ಕಿರಣನೂ ಹಂಗ ಬರತಾವ. ತೊಳದು ತೊಳದು ಸವದ ಬಿಳಿ ಅಂಗಿ ಭಾಳ ಕಡಿಮಿ ತಡೀತೈತಿ, ಬೆವರಿಗೆ ತೊಯ್ದ್ರ ಇನ್ನೂ ಕಡಿಮಿ. ಒತ್ತಾಗಿ ನೇಯ್ದ, ಗಾಢ ಬಣ್ಣದ ತುಂಬುತೋಳಿನ ಅಂಗಿ ಚಲೋ; ಸೆಕಿ ಆಗತೈತಿ ಅಂದ್ರ ಅಳತಿ ದೊಡ್ಡದು ಹಾಕ್ರಿ, ಗಾಳಿ ಆಡತೈತಿ. ಹೆಣಮಕ್ಕಳು ಇಳಕಲ್ ಸೀರಿ ಸೆರಗು ಎರಡು ಮಡಿಕಿ ಮಾಡಿ ತಲಿ ಮ್ಯಾಲಿಂದ ಹಣಿ ತನಕ ಎಳಕೊಂಡ್ರ ಅದಕ್ಕ ಸರಿ ಸಾಟಿ ಕ್ರೀಮು ಅಂಗಡ್ಯಾಗ ಇಲ್ಲ. ಹಿಂಗ ಮುಚ್ಚಿದ್ರ ಉಳಿಯೂದು ಮಾರಿ, ಕಿವಿ, ಕುತಿಗಿ, ಮುಂಗೈ ಹಿಂಬದಿ, ಪಾದದ ಮ್ಯಾಲ. ಕ್ರೀಮು ಅಷ್ಟಕ್ಕ ಸಾಕು, ರೊಕ್ಕನೂ ಉಳೀತೈತಿ.

ಅಳತಿ: ತೋರಬಟ್ಟು, ನಡುಬಟ್ಟು ಎರಡರ ಉದ್ದಕ್ಕ ಟ್ಯೂಬಿನಿಂದ ಎರಡು ಗೆರಿ ಎಳೀರಿ. ಇದು ಮಾರಿ ಮತ್ತ ಕುತಿಗಿಗೆ. ತೂಕದಾಗ ಒಂದೂವರಿ ಗ್ರಾಂ ಆಸುಪಾಸು. ಪ್ರಯೋಗಶಾಲ್ಯಾಗ ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಂ ಹಚ್ಚಿ ಎಸ್‌ಪಿಎಫ್ ಅಳೀತಾರ, ಮಂದಿ ಹಚ್ಚೂದು ಅದರ ಕಾಲು ಪಾಲಿನಿಂದ ಅರ್ಧ. ಅದಕ್ಕ 50 ಬರದ ಟ್ಯೂಬು ಮಾರಿ ಮ್ಯಾಲ 50 ಕೆಲಸ ಮಾಡೂದಿಲ್ಲ. ಲೆಕ್ಕ ಹಾಕ್ರಿ: ದಿನಕ್ಕ ಎರಡು ಸಲ ಅಂದ್ರ ಮೂರು ಗ್ರಾಂ, 50 ಗ್ರಾಮಿನ ಟ್ಯೂಬು ಹದಿನಾರು ದಿನ. ಒಂದು ಟ್ಯೂಬು ಆರು ತಿಂಗಳ ಬಂತು ಅಂದ್ರ ನೀವು ಹಚ್ಚಿದ್ದು ಸನ್‌ಸ್ಕ್ರೀನಿನ ವಾಸನಿ. ಎರಡೂ ಗೆರಿ ಒಮ್ಮೆಗೆ ತಿಕ್ಕಾಕ ಹೋಗಬ್ಯಾಡ್ರಿ. ಮೊದಲ ಒಂದು ಗೆರಿ, ಎರಡು ನಿಮಿಷ ಬಿಟ್ಟು ಇನ್ನೊಂದು, ಹಣಿ, ಮೂಗು, ಗಲ್ಲ, ಗದ್ದಕ್ಕ ಚುಕ್ಕಿ ಇಟ್ಟು ಒತ್ತಿ ಹರಡೂದು. ಹೊರಗ ಬೀಳೂ ಹದಿನೈದು ಇಪ್ಪತ್ತು ನಿಮಿಷ ಮೊದಲು ಮುಗೀಲಿ, ಪೊರಿ ಗಟ್ಟಿ ಆಗಬೇಕು.

ಎರಡು ತಾಸಿಗೊಮ್ಮೆ ಮತ್ತ. ಬೆವರು ಒರಸಿದ ಕೂಡಲೇ ಮತ್ತ, ಟಾವೆಲ್ ಕ್ರೀಮನ್ನೂ ಒರಸಿಕೊಂಡು ಹೋಗಿರತೈತಿ. "ವಾಟರ್ ರೆಸಿಸ್ಟೆಂಟ್ 80 ನಿಮಿಷ" ಅಂತ ಇದ್ರ ಬೆವರಿನ್ಯಾಗ ಅಷ್ಟೊತ್ತು ತಡಕೊಳ್ಳತೈತಿ ಅಂತ, ದಿನಾ ಪೂರ್ತಿ ಅಲ್ಲ. ಔಷಧ ಹೊಡದ ಕೈಲೆ ಕ್ರೀಮು ಮುಟ್ಟಬ್ಯಾಡ್ರಿ. ಮೊದಲ ಸಾಬೂನು ಹಚ್ಚಿ ಕೈ, ಮಾರಿ ತೊಳೀರಿ, ಇಲ್ಲಾಂದ್ರ ಔಷಧಾನೂ ಕೂಡಿಸಿ ಚರ್ಮಕ್ಕ ತಿಕ್ಕಿದಂಗ.

ವೇಳೆ: ನಿಮ್ಮ ನೆರಳ ನಿಮಗಿಂತ ಗಿಡ್ಡ ಇದ್ದಷ್ಟು ಹೊತ್ತು ಯುವಿ ಜೋರು. ಸೆಕಿ ನೋಡಿ ಅಳೀಬ್ಯಾಡ್ರಿ. ವಿಜಯಪುರದಾಗ ಸೂರ್ಯ ನೆತ್ತಿ ಮ್ಯಾಲ ನೆಟ್ಟಗ ಬರೂದು ವರ್ಷಕ್ಕ ಎರಡು ಸಲ, ಮೇ 7–8ರ ಸುಮಾರು ಒಮ್ಮೆ, ಆಗಸ್ಟ್ 5ರ ಸುಮಾರು ಇನ್ನೊಮ್ಮೆ. ಆಗಸ್ಟಿನ್ಯಾಗ ಗಾಳಿ ತಂಪಿರತೈತಿ, ತೆಳು ಮೋಡ ಇರತೈತಿ, ಮಂದಿ ಟ್ಯೂಬು ಎತ್ತಿ ಇಟ್ಟಿರ್ತಾರ. ಮೋಡ ಹರದ ತಾಸಿನ್ಯಾಗ ಬೀಳೂ ಯುವಿ ಮೇ ತಿಂಗಳಿಗೇನೂ ಕಡಿಮಿ ಇಲ್ಲ.

ಟ್ಯೂಬು ಗಾಡಿ ಡಿಕ್ಕ್ಯಾಗ ಇಡಬ್ಯಾಡ್ರಿ. ಒತ್ತಿದ್ರ ಮೊದಲ ನೀರು, ಆಮ್ಯಾಲ ಗಟ್ಟಿ ಗಂಟು ಬಂತಂದ್ರ ಅದು ಒಡದೈತಿ. ಅಲುಗಾಡಿಸಿದ್ರ ಕೂಡೂದಿಲ್ಲ, ಒಗೀರಿ.

ಬಿಳಿಜೋಳ, ವಿಜಯಪುರ

ಭಾಳ ಉಪಕಾರ ಆತು ರೀ. ಮೂರು ಮಾತು ಉಳದಾವ. ಬಂಗಿಗೆ ಬ್ಯಾರೆ ನಮೂನಿ ಬೇಕೇನು? ಹುಡುಗಿಗೆ ಪರೀಕ್ಷೆ ಮಾಡೂದು ಹ್ಯಾಂಗ? ಮತ್ತ ಸನ್‌ಸ್ಕ್ರೀನ್ ಹತ್ತಿದ ಬಿಳಿ ಅಂಗಿ ಕಾಲರು ತೊಳದ ಮ್ಯಾಲ ತುಕ್ಕಿನ ಬಣ್ಣ ಆಗತಾವ, ಯಾಕ?

ಕಡೆಗೋಲು, ಬೆಳಗಾವಿ

ಬಂಗಿಗೆ ಬೇರೆಯೇ ಬೇಕು. ಅದನ್ನು ಕೆದಕುವುದು ಯುವಿ ಮಾತ್ರ ಅಲ್ಲ, ಕಣ್ಣಿಗೆ ಕಾಣುವ ನೀಲಿ-ನೇರಳೆ ಬೆಳಕೂ ಹೌದು, ಅದರಲ್ಲೂ ಕಂದು ಚರ್ಮದಲ್ಲಿ. ಬಿಳಿ ಸನ್‌ಸ್ಕ್ರೀನ್ ಎಸ್‌ಪಿಎಫ್ 50 ಇದ್ದರೂ ಆ ಬೆಳಕನ್ನು ಅಷ್ಟಾಗಿ ತಡೆಯುವುದಿಲ್ಲ. ತಡೆಯುವುದು ಐರನ್ ಆಕ್ಸೈಡ್. ಲೇಬಲ್ಲಿನಲ್ಲಿ ಸಿಐ 77491, 77492, 77499 ಎಂದಿರುತ್ತದೆ: ಕೆಂಪು, ಹಳದಿ, ಕಪ್ಪು. "ಟಿಂಟೆಡ್" ಎಂದು ಮಾರುತ್ತಾರೆ. ನಿಮ್ಮ ಸುಣ್ಣದ ಸಮಸ್ಯೆಗೂ ಇದೇ ಮದ್ದು. ಬಣ್ಣ ನೋಡುವುದು ಕೈ ಮೇಲಲ್ಲ, ದವಡೆಯ ಅಂಚಿನಲ್ಲಿ, ಅಂಗಡಿಯ ಟ್ಯೂಬ್‌ಲೈಟಿನಲ್ಲಲ್ಲ, ಬಾಗಿಲ ಹೊರಗೆ ಬಂದು. ಹಚ್ಚಿ ಹತ್ತು ನಿಮಿಷ ಬಿಟ್ಟು ನೋಡಿ. ನೀರಿನಂಶ ಆರಿದ ಮೇಲೆ ಬಣ್ಣ ಸ್ವಲ್ಪ ಬದಲಾಗುತ್ತದೆ.

ಮಾತ್ರೆಚೀಟಿ, ಬಾಗಲಕೋಟೆ

ಬಂಗಿಗೆ ಇನ್ನೊಂದು. ಹೈಡ್ರೋಕ್ವಿನೋನ್, ಟ್ರೆಟಿನಾಯಿನ್, ಸ್ಟಿರಾಯ್ಡ್ ಮೂರೂ ಬೆರತ ಕ್ರೀಮನ್ನ ಚೀಟಿ ಇಲ್ಲದ ತಂದು ತಿಂಗಳುಗಟ್ಟಲೆ ಹಚ್ಚೋರು ಭಾಳ. ಟ್ರೆಟಿನಾಯಿನ್ ಚರ್ಮಾನ ಬಿಸಿಲಿಗೆ ಸೂಕ್ಷ್ಮ ಮಾಡತದ, ಸ್ಟಿರಾಯ್ಡ್ ತೆಳು ಮಾಡತದ. ಅದು ನಡದಿದ್ರ ಚರ್ಮದ ಡಾಕ್ಟರಿಗೆ ತೋರಿಸ್ರಿ, ಸನ್‌ಸ್ಕ್ರೀನ್ ಒಂದರಿಂದ ಆಗೂ ಕೆಲಸ ಅಲ್ಲ. ಡಾಕ್ಸಿಸೈಕ್ಲಿನ್ ಮಾತ್ರೆ, ಬಿಪಿಗೆ ಕೊಡೋ ಹೈಡ್ರೋಕ್ಲೋರೋಥಯಝೈಡ್ ತಗೊಳ್ಳೋರಿಗೂ ಬಿಸಿಲು ಬೇಗ ಹತ್ತತದ. ಮಾತ್ರೆ ತಾವಾಗೇ ಬಿಡಬ್ಯಾಡ್ರಿ, ಮುಚ್ಚಿಕೊಳ್ಳೂದು ಹೆಚ್ಚು ಮಾಡ್ರಿ.

ಹುಡುಗಿಗೆ ವಾಸನೆ ಇಲ್ಲದ ಝಿಂಕ್ ಕ್ರೀಮು, ಎಸ್‌ಪಿಎಫ್ 30 ಸಾಕು. ಮೊಳಕೈ ಒಳಮಗ್ಗಲಿಗೆ ಒಂದು ರೂಪಾಯಿ ನಾಣ್ಯದಷ್ಟು ಜಾಗದಾಗ ದಿನಾ ಎರಡು ಸಲ, ಐದು ದಿನ ಹಚ್ರಿ. ತೊಳೀದಂಗ ಬಿಡ್ರಿ. ಕೆಂಪಾಗಲಿಲ್ಲ, ತುರಿಸಲಿಲ್ಲ ಅಂದ್ರ ಮಾರಿಗೆ. ಒಂದ ದಿನ ನೋಡಿ ಬಿಟ್ರ ಅಲರ್ಜಿ ಕಾಣೂದಿಲ್ಲ, ಅದು ತಡಾ ಮಾಡಿ ಬರೂದು. ಕಣ್ಣಿನ ಸುತ್ತ, ಬಾಯಿಗೆ ಹೋಗೂ ಬಟ್ಟಿಗೆ ಬ್ಯಾಡ. ಆರು ತಿಂಗಳ ಒಳಗಿನ ಕೂಸು ಮನ್ಯಾಗ ಇದ್ರ ಅದಕ್ಕ ಯಾವ ಸನ್‌ಸ್ಕ್ರೀನೂ ಬ್ಯಾಡ, ನೆರಳ ಮತ್ತ ಅರಬಿ ಅಷ್ಟ. ರಾತ್ರಿ ತೆಗಿಯಾಕ ಬರೇ ನೀರು ಸಾಲೂದಿಲ್ಲ. ಅರಳ್ಯಾಗ ಎರಡು ಹನಿ ಕೊಬ್ಬರಿ ಎಣ್ಣಿ ಹಾಕಿ ಒರಸಿ, ಆಮ್ಯಾಲ ಸೌಮ್ಯ ಸಾಬೂನು. ಕೊಬ್ಬರಿ ಎಣ್ಣಿಗೆ ಇಲ್ಲಿ ಕೆಲಸ ಅದ ನೋಡ್ರಿ.

ಕಾಲರ್ ಕಲೆ ಅವೊಬೆನ್ಝೋನಿಂದು, ಲೇಬಲ್ಲಿನ್ಯಾಗ "ಬ್ಯುಟೈಲ್ ಮೆಥಾಕ್ಸಿಡೈಬೆನ್ಝೋಯಿಲ್‌ಮೀಥೇನ್". ಬೋರಿನ ನೀರಿನ್ಯಾಗ ಕಬ್ಬಿಣದ ಅಂಶ ಇದ್ರ ಅದರ ಜೋಡಿ ಕೂಡಿ ತುಕ್ಕಿನ ಬಣ್ಣ ಆಗತದ. ಮಂದಿ ಬ್ಲೀಚಿಂಗ್ ಹಾಕಿ ತಿಕ್ತಾರ, ಅದರಿಂದ ಕಲೆ ಇನ್ನೂ ಗಾಢ. ಒಣಗೂ ಮೊದಲ ಪಾತ್ರೆ ತೊಳಿಯೋ ದ್ರಾವಣ ಹಚ್ಚಿ ಎಣ್ಣಿ ಬಿಡಿಸ್ರಿ, ಆಮ್ಯಾಲ ಒಂದು ಲೀಟರ್ ಬಿಸಿನೀರಿಗೆ ಎರಡು ಚಮಚ ಲಿಂಬುಪ್ಪು ಕರಗಿಸಿ ಅರ್ಧ ತಾಸು ನೆನೆಹಾಕಿ ತೊಳೀರಿ, ಆಸಿಡ್ ಕಬ್ಬಿಣಾನ ಬಿಡಿಸತದ. ಝಿಂಕ್ ಕ್ರೀಮಿನಿಂದ ಬಿಳಿ ಪುಡಿ ಹತ್ತಬಹುದು, ಈ ಕೆಂಪು ಬರೂದಿಲ್ಲ. ಲಿಂಬುಪ್ಪು ಇಲ್ಲಾಂದ್ರ ಲಿಂಬಿ ರಸನೂ ನಡೀತದ, ಆದ್ರ ಆ ಕೈಲೆ ಅಂಗಿ ಒಣಹಾಕಾಕ ಮಾಳಿಗಿ ಬಿಸಲಿಗೆ ಹೋಗಬ್ಯಾಡ್ರಿ, ತೊಳಕೊಂಡು ಹೋಗ್ರಿ.